ಮೂರು ಗುಂಡುಗಳ ಸಾಕ್ಷ್ಯ



ರೈಫಲ್ಲಿನ ತೋಟಾದ ಬಗ್ಗೆ ಮಾತನಾಡುತ್ತೇನೆಂದರೆ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಬಹುದು. ಇದು ತೋಟಾ ತಯಾರಿಸುವ ಪಾಠವಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ತಯಾರಿಸುವಂತಿಲ್ಲ. ಆ ಕೆಲಸದಲ್ಲಿ ಒಂದು ಲೆಕ್ಕದ ತೊಡಕು ಅಡಗಿದೆ. ಇಂದಿನ ಮಾತು ಅದರ ಬಗ್ಗೆ.

ಅಮೆರಿಕದಲ್ಲಿ ಗುರಿಕಾರರು ಅನೇಕರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಒಮ್ಮೆ ಸಿಡಿದ ತೋಟಾದ ಹಿತ್ತಾಳೆಯ ಕವಚ ಹಾಳಾಗುವುದಿಲ್ಲ. ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸಿದರೆ ಮತ್ತೆ ಬಳಸಬಹುದು. ಮದ್ದನ್ನು ಗ್ರೇನ್ ಎಂಬ ಅಳತೆಯಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಮದ್ದು ಮಿತಿ ಮೀರಿದರೆ ಒಳಗಿನ ಒತ್ತಡ ಏರಿ ಕೋವಿಯೇ ಒಡೆಯಬಹುದು. ಆ ಮಿತಿಯನ್ನು ತಯಾರಕರು ಪರೀಕ್ಷಿಸಿ ಕೋಷ್ಟಕದಲ್ಲಿ ಅಚ್ಚು ಹಾಕಿರುತ್ತಾರೆ; ಅದನ್ನು ಯಾರೂ ಪ್ರಯೋಗ ಮಾಡಿ ಕಂಡುಹಿಡಿಯಬೇಕಾಗಿಲ್ಲ.

ಮಿತಿಯೊಳಗೆ ಯಾವ ತೂಕ ತನ್ನ ರೈಫಲ್ಲಿಗೆ ಚೆನ್ನಾಗಿ ಒಗ್ಗುತ್ತದೆ ಎಂಬುದು ಗುರಿಕಾರನ ಹುಡುಕಾಟ. ರೂಢಿಯಲ್ಲಿರುವ ಒಂದು ಸರಳ ವಿಧಾನ ಹೀಗಿದೆ: ಮದ್ದನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಹತ್ತು ಬಗೆಯ ತೋಟಾ ತುಂಬುವುದು, ಪ್ರತಿ ಬಗೆಯಿಂದ ಮೂರು ಗುಂಡು ಹಾರಿಸುವುದು, ಕಾಗದದ ಮೇಲೆ ಮೂರು ತೂತುಗಳು ಯಾವುದರಲ್ಲಿ ಹತ್ತಿರ ಹತ್ತಿರ ಕೂತಿವೆಯೋ ಅದನ್ನೇ ಆರಿಸುವುದು. ಖರ್ಚು ಕಡಿಮೆ, ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಆದರೆ ವಾರ ಕಳೆದು ಅದೇ ತೋಟಾದಿಂದ ಹತ್ತು ಗುಂಡು ಹಾರಿಸಿದಾಗ ತೂತುಗಳು ಚೆದರಿ ಕೂರುತ್ತವೆ. ಗುರಿಕಾರ ಗಾಳಿಯನ್ನು ಬಯ್ಯುತ್ತಾನೆ, ಬಿಸಿಲನ್ನು ಬಯ್ಯುತ್ತಾನೆ. ಪಾಪ, ಗಾಳಿಯದೇನು ತಪ್ಪು?

ತರಗತಿಯಲ್ಲಿ ಹತ್ತು ಜನ ಸೇರಿ ಒಂದು ಆಟ ಆಡಿನೋಡಿ. ಪ್ರತಿಯೊಬ್ಬರೂ ದಾಳವನ್ನು ಮೂರು ಸಲ ಎಸೆದು ಮೊತ್ತ ಬರೆಯಲಿ. ಒಬ್ಬನಿಗೆ 15 ಅಥವಾ ಹೆಚ್ಚು ಬರುವ ಸಂಭವ 216ರಲ್ಲಿ 20 ಮಾತ್ರ, ಅಂದರೆ ಹತ್ತರಲ್ಲಿ ಒಂದಕ್ಕೂ ಕಡಿಮೆ. ಆದರೆ ಹತ್ತು ಜನರಲ್ಲಿ ಯಾರಾದರೊಬ್ಬರಿಗೆ ಅದು ಬರುವ ಸಂಭವ ನೂರಕ್ಕೆ ಸುಮಾರು 62. ಹಾಗೆ ಗೆದ್ದವನ ದಾಳದಲ್ಲಿ ವಿಶೇಷವೇನಾದರೂ ಇದೆಯೇ? ಅವನೇ ಮತ್ತೆ ಮೂವತ್ತು ಸಲ ಎಸೆದರೆ ಸರಾಸರಿ ಮೂರೂವರೆಯ ಆಸುಪಾಸಿಗೆ ಇಳಿಯುತ್ತದೆ. ಹತ್ತು ಬಗೆಯ ಮದ್ದಿನಲ್ಲಿ ಅತ್ಯುತ್ತಮವೆಂದು ಕಂಡದ್ದೂ ಅನೇಕ ವೇಳೆ ಇಂಥದೇ ದಾಳ. ಮದ್ದಿನ ತೂಕದಿಂದ ವ್ಯತ್ಯಾಸವೇ ಆಗದೆಂದು ನಾನು ಹೇಳುತ್ತಿಲ್ಲ. ಆಗುವ ಸಣ್ಣ ವ್ಯತ್ಯಾಸವನ್ನು ಹೇಳುವ ಶಕ್ತಿ ಮೂರು ಗುಂಡುಗಳಿಗಿಲ್ಲ.

ಇನ್ನೊಂದು ತೊಡಕಿದೆ. ತೂತುಗಳ ಗುಂಪನ್ನು ಅಳೆಯುವಾಗ ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನಷ್ಟೇ ಅಳೆಯುವುದು ವಾಡಿಕೆ. ಗುಂಡು ಹೆಚ್ಚಿದಷ್ಟೂ ಈ ಅಂತರ ತಾನಾಗಿಯೇ ಹಿಗ್ಗುತ್ತದೆ. ರೈಫಲ್ಲು, ತೋಟಾ ಎರಡೂ ಅವೇ ಆಗಿದ್ದರೂ ಹತ್ತು ಗುಂಡಿನ ಗುಂಪು ಮೂರು ಗುಂಡಿನದಕ್ಕಿಂತ ಸರಾಸರಿ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಅಗಲವಿರುತ್ತದೆ. ಹತ್ತು ಗುಂಡು ಹಾರಿಸಿ ಎರಡನ್ನೇ ಲೆಕ್ಕಕ್ಕೆ ಹಿಡಿದರೆ ಉಳಿದ ಎಂಟರ ಸಾಕ್ಷ್ಯ ಬಹುಮಟ್ಟಿಗೆ ವ್ಯರ್ಥ. ಗುಂಪಿನ ನಡುವನ್ನು ಗುರುತಿಸಿ, ಅಲ್ಲಿಂದ ಪ್ರತಿ ತೂತಿನ ದೂರವನ್ನು ಅಳೆದು ಸರಾಸರಿ ತೆಗೆಯುವುದು ಮೇಲು.

ಕಡಿಮೆ ಸಾಕ್ಷ್ಯದಿಂದ ಎಷ್ಟು ಹೇಳಬಹುದು? ಇದನ್ನು ಗಣಿತಕ್ಕೆ ಒಗ್ಗಿಸಿದವರಲ್ಲಿ ಮುಖ್ಯನಾದವನು ವಿಲಿಯಂ ಗಾಸೆಟ್. ಆತ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ಸೇರಿದ. ಬಾರ್ಲಿಯ ಪರೀಕ್ಷೆಗಳಲ್ಲಿ ಅವನಿಗೆ ಸಿಗುತ್ತಿದ್ದುದು ಬೆರಳೆಣಿಕೆಯ ಅಳತೆಗಳು. 1908ರಲ್ಲಿ ತನ್ನ ಪ್ರಸಿದ್ಧ ಲೇಖನವನ್ನು ಅವನು ಸ್ವಂತ ಹೆಸರಿನಲ್ಲಿ ಪ್ರಕಟಿಸಲಿಲ್ಲ; ‘ಸ್ಟೂಡೆಂಟ್’ ಎಂದು ಸಹಿ ಹಾಕಿದ. ನಿಮ್ಮಲ್ಲಿ ಸಂಖ್ಯಾಶಾಸ್ತ್ರ ಓದುವವರು ಕಲಿಯುವ ‘ಸ್ಟೂಡೆಂಟ್‌ನ ಟಿ ಪರೀಕ್ಷೆ’ಯ ಸ್ಟೂಡೆಂಟ್ ಈತನೇ. ಗ್ರೇನ್ ಎಂಬ ತೂಕವೂ ಮೂಲದಲ್ಲಿ ಬಾರ್ಲಿ ಕಾಳಿನದೇ ಎಂಬುದು ನನಗೆ ಸೊಗಸಾಗಿ ಕಾಣುತ್ತದೆ.

ಹಾಗಾದರೆ ಸರಳ ದಾರಿ ಇಲ್ಲವೇ? ಇದೆ, ಸ್ವಲ್ಪ ಬೇಸರದ್ದು. ಕೋಷ್ಟಕದ ಗರಿಷ್ಠ ಮಿತಿಗಿಂತ ಕೆಳಗಿನ ಒಂದೆರಡು ತೂಕಗಳನ್ನಷ್ಟೇ ಆರಿಸಿಕೊಂಡು, ಬೇರೇನನ್ನೂ ಬದಲಿಸದೆ, ಒಂದೊಂದರಿಂದ ಇಪ್ಪತ್ತು ಮೂವತ್ತು ಗುಂಡು ಹಾರಿಸಬೇಕು. ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಗುಂಡು ಬೇಕು. ಜೇಬಿಗೆ ಹೊರೆಯೇ ಸರಿ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಕಾಯಿ ಒಡೆದವನಿಗೆ ಗೆಲುವು. ಸ್ಪರ್ಧೆಗೆ ಅದು ಸಾಕು, ಕೋವಿಯ ಗುಣ ಅಳೆಯಲು ಸಾಲದು.

ಗುರಿಕಾರರ ಇನ್ನೊಂದು ಅಭ್ಯಾಸ ನಿಮಗೂ ಪರಿಚಿತ. ಒಂದು ತೂತು ದೂರ ಬಿದ್ದರೆ ‘ನನ್ನ ಕೈ ನಡುಗಿತು’ ಎಂದು ಅದನ್ನು ಲೆಕ್ಕದಿಂದ ಬಿಡುತ್ತಾರೆ. ಹತ್ತಿರ ಬಿದ್ದ ತೂತಿಗೆ ಮಾತ್ರ ಯಾರ ಕೈಯೂ ನಡುಗಿರುವುದಿಲ್ಲ! ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸರಳ ಲೋಲಕದ ಆಂದೋಲನ ಎಣಿಸುವಾಗ ಹೊಂದದ ರೀಡಿಂಗನ್ನು ರಬ್ಬರಿನಿಂದ ಅಳಿಸಿದವರು ನಿಮ್ಮಲ್ಲಿ ಎಷ್ಟು ಜನರೋ! ನಾನೂ ಅಳಿಸಿದ್ದೇನೆ. ಎಣಿಕೆ ತಪ್ಪಿದ್ದು ನಿಜವಾದರೆ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಅಂಕಿ ಓದಲು ಬರುವಂತೆ ಉಳಿಸಿ. ಕಾರಣ ಗೊತ್ತಿಲ್ಲದಿದ್ದರೆ ಅದನ್ನೂ ಸರಾಸರಿಗೆ ಸೇರಿಸಿ.