ವಿದ್ಯುತ್ತಿನ ವಿಕೋಪ ಮತ್ತು ಮನೆಯ ಗಣಕಯಂತ್ರ



ಜೀವಮಾನವೆಲ್ಲ ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನು ವಿದ್ಯುತ್ತಿನ ವಿಚಾರವಾಗಿ ಮಾತನಾಡಹೊರಟರೆ ನಿಮಗೆ ನಗು ಬರಬಹುದು. ಆದರೆ ಪೆಟ್ಟು ತಿಂದವನಿಗೆ ಆ ವಿಷಯದಲ್ಲಿ ನಾಲ್ಕು ಮಾತು ಆಡುವ ಅಧಿಕಾರ ತಾನಾಗಿ ಬರುತ್ತದೆ.

ನಿವೃತ್ತನಾದ ಮೇಲೆ ನಾನು ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ನೆಲೆಸಿದ್ದೇನೆ. ಕಾಡಿನಂಚಿನ ಊರು, ಕನ್ನಡವೂ ತಮಿಳೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಊರು. ನಮ್ಮ ಸೀಮೆಯ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿತು. ಅಷ್ಟು ದೂರ ಹೋಗಬಲ್ಲ ಶಕ್ತಿ ನಮ್ಮ ಬೀದಿಯ ಕಂಬದಿಂದ ನನ್ನ ಮೇಜಿನವರೆಗಿನ ಮೂವತ್ತು ಗಜದಲ್ಲಿ ದಾರಿ ತಪ್ಪಿತು.

ನಾನು ಎರಡು ವರ್ಷದಿಂದ ಊರಿನ ಹಿರಿಯರಲ್ಲಿ ಕೇಳಿ ಬೇಸಾಯದ ಮಾತುಗಳನ್ನು ಕಲೆಹಾಕುತ್ತಿದ್ದೆ. ಕಾಗದದ ಚೀಟಿಗಳಿಂದ ಗಣಕಯಂತ್ರಕ್ಕೆ ಏರಿಸಿದ ಮೇಲೆ, ಜಾಣನೆಂದು ಭಾವಿಸಿ, ಚೀಟಿಗಳನ್ನು ಒಲೆಗೆ ಹಾಕುತ್ತಿದ್ದೆ. ಒಂದು ವೈಶಾಖದ ಸಂಜೆ ಗಾಳಿ ಎದ್ದಿತು, ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ಮರಳಿ ಬಂದಾಗ ನಡುಮನೆಯ ಬಲ್ಬು ಮಧ್ಯಾಹ್ನದ ಸೂರ್ಯನಂತೆ ಉರಿದು ಒಡೆಯಿತು. ಯಂತ್ರದಿಂದ ಸುಟ್ಟ ವಾಸನೆ. ಮರುದಿನ ಲೈನ್‌ಮನ್ ಕಂಬ ಹತ್ತಿ ನೋಡಿದರೆ ನ್ಯೂಟ್ರಲ್ ತಂತಿ ಕಳಚಿಕೊಂಡಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀದಿಯಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್ ತಂತಿ ಹೋಗುತ್ತವೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟು. ಎರಡು ಫೇಸುಗಳ ನಡುವೆ ಸುಮಾರು 400. ನ್ಯೂಟ್ರಲ್ ಕಳಚಿತೆಂದರೆ ಬೇರೆ ಬೇರೆ ಫೇಸಿನ ಮನೆಗಳು ಒಂದೇ ಸರಪಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಯಾರ ಮನೆಯಲ್ಲಿ ಬಳಕೆ ಕಡಿಮೆಯೋ ಅವರ ಪಾಲಿಗೆ ಹೆಚ್ಚಿನ ವೋಲ್ಟೇಜು. ಎದುರು ಸಾಲಿನಲ್ಲಿ ಮೋಟರು ಓಡುತ್ತಿತ್ತು, ನನ್ನಲ್ಲಿ ಒಂದು ಬಲ್ಬು, ಒಂದು ಗಣಕಯಂತ್ರ. ಮಿತವ್ಯಯಕ್ಕೆ ಸಿಕ್ಕ ಬಹುಮಾನ ಇದು!

ಕೆಂಪು ದೀಪದ ಸ್ಪೈಕ್ ಗಾರ್ಡ್ ಇತ್ತಲ್ಲ ಎಂದು ನಾನೂ ಕೇಳಿದೆ. ಅದರೊಳಗೆ ಸತುವಿನ ಆಕ್ಸೈಡಿನ ಪುಟ್ಟ ಬಿಲ್ಲೆಗಳಿರುತ್ತವೆ; ಕಣ್ಣೆವೆ ಇಕ್ಕುವುದಕ್ಕೂ ಮೊದಲೇ ಬಂದುಹೋಗುವ ಏರುಪೆಟ್ಟುಗಳನ್ನು ಪಕ್ಕಕ್ಕೆ ಹಾಯಿಸುವುದಷ್ಟೇ ಅವುಗಳ ಕೆಲಸ. ನಿಮಿಷಗಟ್ಟಲೆ ನಿಲ್ಲುವ ಹೆಚ್ಚು ವೋಲ್ಟೇಜಿನ ಮುಂದೆ ಅವು ತಾವೇ ಸುಟ್ಟುಹೋಗುತ್ತವೆ. ಪ್ರತಿ ಪೆಟ್ಟಿಗೂ ಅವು ಸವೆಯುತ್ತವೆ. ಬಿಲ್ಲೆ ಸತ್ತ ಮೇಲೂ ಕೆಂಪು ದೀಪ ಉರಿಯುತ್ತಲೇ ಇರಬಹುದು. ಇನ್ನು, ಪೆಟ್ಟನ್ನು ಹಾಯಿಸಲು ನೆಲದ ದಾರಿ ಬೇಕು. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಪ್ಲಗ್ಗನ್ನು ಬಿಚ್ಚಿ ನೋಡಿ, "ಮೇಷ್ಟ್ರೇ, ಈ ಮೂರನೇ ತೂತ ಬರೀ ಅಲಂಕಾರಕ್ಕೆ ಮಡಗವ್ರೆ" ಎಂದ. ಇಪ್ಪತ್ತು ವರ್ಷದ ಮನೆ. ಅರ್ಥ್ ತಂತಿ ಗೋಡೆಯೊಳಗೆ ಎಲ್ಲಿಗೂ ಹೋಗದೆ ನಿಂತಿತ್ತು.

ಈಗ ಹಿತ್ತಲಲ್ಲಿ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲೂ ಉಪ್ಪೂ ತುಂಬಿಸಿದ್ದೇನೆ. ಬೇಸಿಗೆಯಲ್ಲಿ ಆ ಗುಂಡಿಗೆ ಒಂದೊಂದು ಕೊಡ ನೀರು ಹೊಯ್ಯುವುದು ತುಳಸಿಗೆ ಹೊಯ್ಯುವಷ್ಟೇ ಅಗತ್ಯ; ನೆಲ ಒಣಗಿದರೆ ಅರ್ಥಿಂಗು ಸೊರಗುತ್ತದೆ. ಆದರೆ ನ್ಯೂಟ್ರಲ್ ಕಳಚಿದರೆ ಇದು ಕಾಯುವುದಿಲ್ಲ. ಅದಕ್ಕೆಂದು ಮೀಟರಿನ ಬಳಿ, ವೋಲ್ಟೇಜು ಮಿತಿ ಮೀರಿದೊಡನೆ ಸಂಪರ್ಕವನ್ನು ಕಡಿಯುವ ಸಣ್ಣ ಸಾಧನವನ್ನು ಹಾಕಿಸಿದೆ.

ಯು.ಪಿ.ಎಸ್. ವಿಷಯದಲ್ಲಿ ನಮ್ಮವರಿಗೆ ದೊಡ್ಡ ಭ್ರಮೆಯಿದೆ. 600 ವಿ.ಎ. ಪೆಟ್ಟಿಗೆ ಹತ್ತೋ ಹದಿನೈದೋ ನಿಮಿಷ ನಡೆಸೀತು. ಅದು ಕೆಲಸ ಮುಂದುವರಿಸಲು ಕೊಟ್ಟ ಸಮಯವಲ್ಲ, ಬರೆದದ್ದನ್ನು ಉಳಿಸಿ ಯಂತ್ರವನ್ನು ಸರಿಯಾಗಿ ನಿಲ್ಲಿಸಲು ಕೊಟ್ಟ ಸಮಯ. ಅದರ ಬ್ಯಾಟರಿಯೂ ಎರಡು ಮೂರು ವರ್ಷಕ್ಕೆ ಮುದಿಯಾಗುತ್ತದೆ. ಕರೆಂಟು ಮರಳಿದ ಕೂಡಲೆ ಗುಂಡಿ ಒತ್ತಬೇಡಿ. ಬೀದಿಯ ಮೋಟರುಗಳೆಲ್ಲ ಹೊರಟು ಸುಸ್ಥಿತಿಗೆ ಬರಲು ಐದು ನಿಮಿಷ ಬಿಡಿ.

ಸಿಡಿಲಿನ ಮಾತೇ ಬೇರೆ. ಮುಂಗಾರಿಗೆ ಮುಂಚಿನ ಮಳೆಗಳಲ್ಲೂ ಹಿಂಗಾರಿನಲ್ಲೂ ನಮ್ಮ ಬೆಟ್ಟಸಾಲಿನ ಮೇಲೆ ಅದು ಆಡುವ ಆಟಕ್ಕೆ ಯಾವ ಪೆಟ್ಟಿಗೆಯನ್ನೂ ನಂಬಲಾಗದು. ಮೋಡ ಕಪ್ಪಾಗುವಾಗಲೇ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಇಂಟರ್‌ನೆಟ್ಟಿನ ತಾಮ್ರದ ತಂತಿಯನ್ನೂ ಕೀಳಬೇಕು. ಸಿಡಿಲು ಆ ಹಿಂಬಾಗಿಲಿನಿಂದಲೂ ಬರುತ್ತದೆ. ಗುಡುಗು ತಲೆಯ ಮೇಲೆ ಬಂದ ಮೇಲೆ ಮಾತ್ರ ಆ ತಂತಿಗಳನ್ನು ಮುಟ್ಟುವ ಸಾಹಸ ಬೇಡ.

ಯಂತ್ರ ಹೋಯಿತು, ಹೊಸದು ಬಂದಿತು. ಸುಟ್ಟ ಡಿಸ್ಕನ್ನು ಕೊಳ್ಳೇಗಾಲದಲ್ಲಿ ತೋರಿಸಿದೆ, ಏನೂ ಸಿಗಲಿಲ್ಲ. ಮಾತುಗಳನ್ನು ಮತ್ತೆ ಕೇಳಲು ಮನೆಮನೆಗೆ ಹೋದೆ. ಕಣದ ಮಾತುಗಳನ್ನೆಲ್ಲ ಹೇಳಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗನಿಗೆ ಅವುಗಳಲ್ಲಿ ಕೆಲವು ಮಾತ್ರ ನೆನಪಿದ್ದವು.

ಈಗ ಪ್ರತಿ ಶನಿವಾರ ಬರೆದದ್ದನ್ನೆಲ್ಲ ಎರಡು ಪೆನ್ ಡ್ರೈವಿಗೆ ಇಳಿಸುತ್ತೇನೆ. ಒಂದು ನನ್ನ ಬೀರುವಿನಲ್ಲಿ, ಯಾವ ತಂತಿಯೂ ಮುಟ್ಟದಂತೆ. ಇನ್ನೊಂದು ಕೊಳ್ಳೇಗಾಲದ ಮಗಳ ಮನೆಯಲ್ಲಿ. ಕಾಗದದ ಚೀಟಿಗಳನ್ನು ಒಲೆಗೆ ಹಾಕುವುದನ್ನು ಬಿಟ್ಟಿದ್ದೇನೆ.