ಅತ್ತೆ ದೋಣಿ ಹತ್ತಿದ ದಿನ

ಮುಂಬೈಯಿಂದ ಹೊರಡುವ ವಿಹಾರದ ಹಡಗಿನಲ್ಲಿ ಮನೆಮಂದಿಯೆಲ್ಲ ಹೋಗೋಣ ಎಂದು ಮಕ್ಕಳು ಹಟ ಹಿಡಿದಾಗ, ಅಜ್ಜಂಪುರದ ನಮ್ಮತ್ತೆ, "ನಾ ಬರಲ್ಲ ಕಣಮ್ಮ, ನೀವು ಹೋಗ್ಬನ್ನಿ" ಅಂದುಬಿಟ್ಟರು. ಕಡೂರಿನ ಕಡೆ ಮದಗದ ಕೆರೆ, ಅಯ್ಯನಕೆರೆಯ ಏರಿ ಬಿಟ್ಟರೆ ದೊಡ್ಡ ನೀರು ಕಂಡವರಲ್ಲ ಅವರು. ಒತ್ತಾಯ ಮಾಡಲಿಲ್ಲ. ಮೊದಲು ನೀರಿನ ಭಯ ಹೋಗಲಿ ಅಂತ ಒಂದು ಭಾನುವಾರ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ, ಭದ್ರಾ ಹಿನ್ನೀರಿಗೆ ಕರೆದುಕೊಂಡು ಹೋದೆವು.

ಸೆರಗಿನ ಮೇಲೆ ಲೈಫ್ ಜಾಕೆಟ್ ಬಿಗಿದಾಗ ಅತ್ತೆ ಮೊಮ್ಮಗಳ ಕೈ ಬಿಡಲಿಲ್ಲ. ಓಲಾಟ ಕಮ್ಮಿ ಅಂತ ದೋಣಿಯ ನಡುವೆ ಕೂರಿಸಿದೆವು. ಹೊಟ್ಟೆ ತೊಳಸದಿರಲಿ ಅಂತ ಬಾಯಿಗೆ ಒಂದು ಚೂರು ಶುಂಠಿ. ನಡುಗಡ್ಡೆಯ ಮೇಲೆ ರೀವ ಹಕ್ಕಿಗಳು ಬಿಳಿ ಚೆಲ್ಲಿದಂತೆ ಕೂತಿದ್ದವು. ಬೇಸಿಗೆಯಲ್ಲಿ ಅಲ್ಲೇ ಮರಿ ಮಾಡುತ್ತವೆ. ಈ ಭದ್ರೆಯ ನೀರನ್ನೇ ನಮ್ಮ ಅಜ್ಜಂಪುರದ ಹತ್ತಿರದ ಸುರಂಗದ ಮೂಲಕ ಚಿತ್ರದುರ್ಗದ ಕಡೆ ಹರಿಸೋದು ಅಂದೆ. ಅತ್ತೆ ಬಗ್ಗಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡರು.

ಹಿರಿಯರಿಗೆ ಬೇಕಾದದ್ದು ಅವಸರವಿಲ್ಲದ ಜೊತೆ ಎಂದು ನನಗೆ ಆವತ್ತು ಗಟ್ಟಿಯಾಯಿತು.

ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದರು: "ಆ ಹಡಗಲ್ಲಿ ನನ್ನ ಬೀಪಿ ಮಾತ್ರೆ ಇಟ್ಕೊಳೋಕೆ ಜಾಗ ಇರುತ್ತೇನಮ್ಮ?"