ಮೂರೂ ಊರಲ್ಲಿ ಒಂದೇ ಸಲ ಬಿಲ್ಲಿಂಗ್ ನಿಂತಾಗ

ಹಾಸನದ ಒಂದು ಬೀಜ, ಔಷಧಿ ಅಂಗಡಿಯ ಕಂಪ್ಯೂಟರ್‌ಗಳನ್ನ ನೋಡ್ಕೊಳ್ಳೋದು ನನ್ನ ಕೆಲಸ. ಸರ್ವರ್ ಇರೋದು ಹಾಸನದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಖೆಯವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದೇ ಸರ್ವರ್‌ಗೆ ಲಾಗಿನ್ ಆಗಿ ಬಿಲ್ ಹಾಕ್ತಾರೆ.

ಮೇ ತಿಂಗಳು, ಆಲೂಗಡ್ಡೆ ಬಿತ್ತನೆ ಸಮಯ. ಬೆಳಿಗ್ಗೆ ಅರಕಲಗೂಡಿಂದ ಫೋನ್: "ಅಣ್ಣಾ, ಲಾಗಿನ್ ಆಗ್ತಿಲ್ಲ. ಬೀಜೋಪಚಾರದ ಔಷಧಿಗೆ ರೈತರು ಸಾಲಾಗಿ ನಿಂತವ್ರೆ."

ಒಂದೇ ಊರಿನ ತೊಂದರೆ ಆದ್ರೆ ಮೊದಲು ಆ ಊರಿನ ಇಂಟರ್ನೆಟ್ ನೋಡ್ಬೇಕು. ಆದ್ರೆ ಐದು ನಿಮಿಷದಲ್ಲಿ ಉಳಿದ ಎರಡೂ ಊರಿಂದ ಅದೇ ದೂರು ಬಂತು. ಅಂದ್ರೆ ಎಡವಟ್ಟು ಹಾಸನದಲ್ಲೇ ಇದೆ. ಸರ್ವರ್ ಆನ್ ಇತ್ತು, ನೆಟ್‌ವರ್ಕೂ ಸರಿಯಿತ್ತು. "ಸ್ಕ್ರೀನ್ ಮೇಲೆ ಬಂದಿರೋದನ್ನ ಪೂರ್ತಿ ಓದಪ್ಪ" ಅಂದೆ. ಲೈಸೆನ್ಸ್ ಕೊಡೋಕೆ ಯಾವ ಲೈಸೆನ್ಸ್ ಸರ್ವರೂ ಇಲ್ಲ ಅಂತಿತ್ತು.

ಎದೆ ಧಸಕ್ ಅಂತು. ವಿಂಡೋಸ್ ಸರ್ವರ್‌ನಲ್ಲಿ ಈ ಸೇವೆ ಶುರು ಮಾಡಿದ ಮೇಲೆ ಲೈಸೆನ್ಸ್ ಹಾಕೋಕೆ 120 ದಿನ ಕಾಲಾವಕಾಶ ಇರುತ್ತೆ. ಅದು ಮುಗಿದ್ರೆ ಬಾಗಿಲು ಬಂದ್. ಜನವರಿಯಲ್ಲಿ ಅದನ್ನ ಶುರು ಮಾಡಿದವನು ನಾನೇ. 'ಲೈಸೆನ್ಸ್ ಆಮೇಲೆ ನೋಡೋಣ' ಅಂದವನೂ ನಾನೇ.

ಯಜಮಾನರು, "ಎಲ್ಲರಿಗೂ ಅಡ್ಮಿನ್ ಪಾಸ್‌ವರ್ಡ್ ಕೊಟ್ಬಿಡು" ಅಂದ್ರು. ಅಡ್ಮಿನ್ ಲಾಗಿನ್‌ಗೆ ಈ ಲೈಸೆನ್ಸ್ ಬೇಡ, ನಿಜ. ಆದ್ರೆ ಒಂದು ಸಲಕ್ಕೆ ಇಬ್ಬರೇ ಹೋಗಬಹುದು, ಅದೂ ಸರ್ವರ್ ನಿರ್ವಹಣೆಗೆ ಮಾತ್ರ. ಮೇಲಾಗಿ ಶಾಖೆಯ ಒಂದು ಕಂಪ್ಯೂಟರ್‌ಗೆ ವೈರಸ್ ಬಂದ್ರೂ ಇಡೀ ಸರ್ವರ್‌ನ ಬೀಗದ ಕೈ ಅದಕ್ಕೆ ಸಿಕ್ಕಂಗೆ. "ಬೇಡ ಸಾರ್, ಅಲ್ಲೀವರೆಗೆ ಬಿಲ್ ಬುಕ್ಕಲ್ಲಿ ಬರೀಲಿ. ತಪ್ಪು ನಂದೇ" ಅಂದೆ.

ಲೈಸೆನ್ಸ್ ಕೊಂಡು, ಲೈಸೆನ್ಸ್ ಸರ್ವರ್ ಆಕ್ಟಿವೇಟ್ ಮಾಡಿ, ಅದರ ಹೆಸರನ್ನ ಸೆಟ್ಟಿಂಗ್ಸ್‌ನಲ್ಲಿ ಹಾಕೋ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಮೂರೂ ಊರಿನವರು ಒಳಗೆ ಬಂದ್ರು.

ಆದ್ರೆ ಅರಕಲಗೂಡಿನ ಹುಡುಗ ರಾತ್ರಿವರೆಗೂ ಕೂತು, ಕೈಯಲ್ಲಿ ಬರೆದ ಬಿಲ್‌ಗಳನ್ನೆಲ್ಲ ಮತ್ತೆ ಕಂಪ್ಯೂಟರ್‌ಗೆ ಹಾಕ್ದ. ನನ್ನ ಸೋಮಾರಿತನಕ್ಕೆ ಅವನು ಊರಿನ ಕೊನೇ ಬಸ್ ತಪ್ಪಿಸಿಕೊಂಡ.

ನೀವೂ ಇದೇ ಕೆಲಸದಲ್ಲಿದ್ರೆ, ಸರ್ವರ್ ಶುರು ಮಾಡಿದ ದಿನವೇ ಫೋನಲ್ಲಿ ರಿಮೈಂಡರ್ ಹಾಕಿ. 120ನೇ ದಿನಕ್ಕಲ್ಲ, 90ನೇ ದಿನಕ್ಕೆ. ನಾನೀಗ ಹಾಗೇ ಮಾಡೋದು. ಮತ್ತೆ ಸಿಗೋಣ.